ಬಿಮಾ ಸಾಹೇಬರು ಕೂತ ಗಾದಿ

ಭಾಲ್ಕಿಯಲ್ಲಿ ನಮ್ಮ ಮನೆಯಷ್ಟು ಸುರಕ್ಷಿತವಾದ ಮನೆ ಇನ್ನೊಂದಿಲ್ಲವೆಂದು ಬಿಮಾ ಕಂಪನಿಯವರ ಬಾಯಿಂದಲೇ ಹೇಳಿಸುತ್ತೇನೆ ಎಂದು ನಾನು ಹೆಂಡತಿಯ ಮುಂದೆ ಪಣ ತೊಟ್ಟದ್ದು ಒಂದು ಸೋಮವಾರ. ಗುರುವಾರದ ಹೊತ್ತಿಗೆ ಊರಿನಲ್ಲಿ ಅದರಷ್ಟು ಅಪಾಯದ ಮನೆ ಇನ್ನೊಂದಿರಲಿಲ್ಲ. ಅದಕ್ಕೆ ಕಾರಣ ನಾನೇ!

ಹಿಂದಿನ ಬೇಸಿಗೆಯಲ್ಲಿ ಪಕ್ಕದ ಓಣಿಯ ಶಿವರಾಜಪ್ಪನ ಮನೆ ಸುಟ್ಟುಹೋಗಿತ್ತು. ತೊಲೆ, ಕಂಬ, ಮಗಳ ಮದುವೆಗೆಂದು ತಂದ ಸೀರೆ, ಎಲ್ಲ ಒಂದೇ ಮಧ್ಯಾಹ್ನದಲ್ಲಿ ಬೂದಿ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಭಾತಂಬ್ರಾದ ಮಾವನ ಮನೆ ಸೇರಿದ. ಅಂದಿನಿಂದ ನನ್ನ ಹೆಂಡತಿ ಗುಂಡಮ್ಮ ಒಂದೇ ಹಟ ಹಿಡಿದಳು: ಮನೆ ಸುಟ್ಟರೆ ಕಂಪನಿಯೇ ಹಣ ಕೊಡುವಂತೆ ನಮ್ಮ ಮನೆಗೆ ಬೆಂಕಿಯ ಬಿಮಾ ಮಾಡಿಸಬೇಕು. ಹೈದರಾಬಾದಿನ ಒಂದು ಕಂಪನಿಗೆ ಅರ್ಜಿ ಹಾಕಿದೆ. ಗುರುವಾರ ಇನ್ಸ್‌ಪೆಕ್ಟರ್ ಶರಫೋದ್ದೀನ ಸಾಹೇಬರು ಬಂದು ಮನೆ ನೋಡುತ್ತಾರೆಂದು ಉತ್ತರ ಬಂತು.

ಮನೆ ನೋಡುವುದೆಂದರೆ ಹೆಣ್ಣು ನೋಡಿದಂತೆ ಎಂದು ನಾನು ತಿಳಿದೆ. ಅಂದ ಕಾಣಬೇಕು, ಕುಂದು ಕಾಣಬಾರದು. ಹಿತ್ತಲಿನಲ್ಲಿ ಎತ್ತುಗಳಿಗೆಂದು ಕಣಕಿಯ, ಅಂದರೆ ಜೋಳದ ಒಣ ದಂಟಿನ, ಸಣ್ಣ ಬಣವೆಯಿತ್ತು. ಬೆಂಕಿಯ ಕಂಪನಿಯವರ ಕಣ್ಣಿಗೆ ಅದು ಬೀಳಲು ಬಿಡಬಹುದೇ? ಬಣವೆ ಇದ್ದಲ್ಲೇ ಇರಲಿ, ಕೇಳಿದರೆ ಇದೆ ಎನ್ನೋಣ ಎಂದಳು ಗುಂಡಮ್ಮ. ಹೆಂಗಸರಿಗೆ ವ್ಯವಹಾರ ತಿಳಿಯದೆಂದು ನಾನು ನಕ್ಕೆ. ಕಣಕಿಯನ್ನೆಲ್ಲ ಹೊತ್ತು ತಂದು ಪಡಸಾಲೆಯ ಗೋಡೆಯುದ್ದಕ್ಕೂ ಒಟ್ಟಿದೆ. ಮೇಲೆ ಜಮಖಾನೆ ಹಾಸಿ ಲೋಡು ಇಟ್ಟೆ. ಯಾವ ನವಾಬನ ದಿವಾನಖಾನೆಯಲ್ಲೂ ಅಂಥ ಗಾದಿ ಇರಲಿಕ್ಕಿಲ್ಲ!

ಉಳಿದದ್ದು ದೀಪಕ್ಕೆ ಹಾಕುವ ಘಾಸಲೇಟ ಎಣ್ಣೆಯ ಎರಡು ಡಬ್ಬಿ. ನೀರಿನಲ್ಲಿದ್ದ ಎಣ್ಣೆಗೆ ಬೆಂಕಿ ಹತ್ತುವುದಾದರೂ ಹೇಗೆ ಎಂದು, ಗುರುವಾರ ಬೆಳಿಗ್ಗೆ ಅವಕ್ಕೆ ಹಗ್ಗ ಕಟ್ಟಿ ಅಂಗಳದ ಬಾವಿಗೆ ಇಳಿಬಿಟ್ಟೆ. ಒಂದಕ್ಕೆ ಮುಚ್ಚಳವಿರಲಿಲ್ಲ. ಚಿಂದಿ ತುರುಕಿದೆ.

ಸಾಹೇಬರು ಬಂದರು. ಶೇರವಾನಿ, ಕುಚ್ಚಿನ ಕೆಂಪು ರೂಮಿ ಟೋಪಿ, ಮೆಲುಮಾತು. ಗೋಡೆಯ ದಪ್ಪ ಅಳೆದರು, ಒಲೆಯ ಹೊಗೆ ಎತ್ತ ಹೋಗುತ್ತದೆಂದು ನೋಡಿದರು, ಪಕ್ಕದ ಮನೆ ಎಷ್ಟು ದೂರವೆಂದು ಹೆಜ್ಜೆ ಹಾಕಿದರು. ಅಂಗಳದಲ್ಲೇ ಬಾವಿಯಿರುವುದನ್ನು ಮೆಚ್ಚಿ ಬರೆದುಕೊಂಡರು. ಮೇವು ಎಲ್ಲಿದೆ ಎಂದು ಕೇಳಿದರು, ಇಲ್ಲವೆಂದೆ. ಘಾಸಲೇಟ? ಒಂದು ಹನಿಯೂ ಇಲ್ಲವೆಂದೆ. ತೃಪ್ತರಾಗಿ ಗಾದಿಯ ಮೇಲೆ ಕೂತರು. ಗಾದಿ ಗರಗರ ಎಂದಿತು. ಹೊಸ ಹತ್ತಿ, ಹಾಗೇ ಸದ್ದು ಮಾಡುತ್ತದೆ ಎಂದು ಹೇಳಿದೆ.

ಸಾಹೇಬರು ಸಿಗರೇಟು ತೆಗೆದು ಕಡ್ಡಿ ಗೀರಿದರು. ಹೊತ್ತಿಸಿಕೊಂಡು ಕಡ್ಡಿಯನ್ನು ಪಕ್ಕಕ್ಕೆ ಬಿಟ್ಟರು. ಜಮಖಾನೆಯ ಅಂಚಿನಿಂದ ನೂಲಿನಷ್ಟು ತೆಳ್ಳಗೆ ಹೊಗೆ ಎದ್ದಿತು. ಬಾಗಿಲ ಬಳಿ ಗುಂಡಮ್ಮ ಆಗಷ್ಟೇ ಸೇದಿ ತಂದಿಟ್ಟ ಕೊಡವಿತ್ತು. ಓಡಿಹೋಗಿ ಎತ್ತಿದೆ. ಅವಳು ನನ್ನ ರಟ್ಟೆ ಹಿಡಿದಳು.

"ಆ ನೀರ ಹಾಕಬ್ಯಾಡ್ರಿ, ಅದರಾಗ ಘಾಸಲೇಟ ಅದ. ಬಾವಿ ತುಂಬ ಅದೇ ತೇಲ್ಲಿಕತ್ತದ. ಸಾಹೇಬರ, ನೀವು ಏಳ್ರಿ, ಕೆಳಗ ಕಣಕಿ ಅದ."

ಸಾಹೇಬರು ಎದ್ದ ವೇಗಕ್ಕೆ ಟೋಪಿ ಗಾದಿಯಲ್ಲೇ ಉಳಿಯಿತು. ಸೇದಿದ ನೀರು ಕೆಟ್ಟಿದೆಯೆಂದು ಗುಂಡಮ್ಮ ಅತಿಥಿಗೆ ಮಜ್ಜಿಗೆ ತಂದಿದ್ದಳು. ಆ ತಂಬಿಗೆಯನ್ನೇ ಹೊಗೆಯ ಮೇಲೆ ಸುರಿದಳು. ಟೋಪಿಗೂ ಒಂದಿಷ್ಟು ಬಿತ್ತು. ಹೊಗೆ ನಿಂತಿತು. ಶಿವರಾಜಪ್ಪನ ಮನೆಯಲ್ಲೂ ಮೊದಲು ಎದ್ದದ್ದು ಇಷ್ಟೇ ಹೊಗೆಯಂತೆ.

ಬಣವೆ, ಡಬ್ಬಿ ಮೊದಲು ಎಲ್ಲಿದ್ದವೆಂದು ಸಾಹೇಬರು ಕೇಳಿದರು. ಬಣವೆ ಹಿತ್ತಲ ತುದಿಯಲ್ಲಿ, ಡಬ್ಬಿ ಹೊರಗಿನ ಕಲ್ಲುಕೋಣೆಯಲ್ಲಿ ಎಂದಳು ಗುಂಡಮ್ಮ.

"ಬಸವಣ್ಣೆಪ್ಪನವರ, ಅಲ್ಲೇ ಇದ್ದಿದ್ರ ಇವತ್ತೇ ಮಂಜೂರ ಮಾಡ್ತಿದ್ದೆ," ಎಂದರು ಸಾಹೇಬರು ಟೋಪಿ ಒರೆಸುತ್ತ. "ಮೇವು, ಎಣ್ಣಿ ಎಲ್ಲಾರ ಮನ್ಯಾಗೂ ಇರ್ತಾವರಿ. ನಾವು ಬರೋದು ಇದ್ದದ್ದು ನೋಡ್ಲಿಕ್ಕ. ಮುಚ್ಚಿಟ್ಟು ಬಿಮಾ ತಗೊಂಡ್ರ, ಖರೇನೇ ಬೆಂಕಿ ಬಿದ್ದ ದಿನ ಕಂಪನಿ ಏನೂ ಕೊಡಂಗಿಲ್ಲ."

ಮುಂದಿನ ತಿಂಗಳು ಬರುತ್ತೇನೆ, ಅಲ್ಲಿಯವರೆಗೆ ಮನೆಯನ್ನು ಮನೆಯಂತೆ ಇಡಿ ಎಂದು ಹೋದರು. ಕಣಕಿಯನ್ನು ಮತ್ತೆ ಹೊತ್ತೆ. ಹದಿನೈದು ದಿನ ಬಾವಿಯ ನೀರು ಸೇದಿ ಹೊರಚೆಲ್ಲಿದೆ. ಗುಂಡಮ್ಮ ಕುಡಿಯುವ ನೀರನ್ನು ಮಿಷನ್ ದವಾಖಾನೆಯ ನರ್ಸ್ ದೇಬೋರಾಳ ಮನೆಯಿಂದ ತಂದಳು. ಯಾಕೆಂದು ದೇಬೋರಾ ಕೇಳಿದಳು, ಗುಂಡಮ್ಮ ಇದ್ದದ್ದನ್ನೇ ಹೇಳಿದಳು. ಮರುದಿನ ಅಂಗಡಿಯ ನಬೀಸಾಬ, ನಿಮ್ಮ ಬಾವಿಯಿಂದ ದೀಪಕ್ಕೆ ಒಂದು ಕೊಡ ಸೇದಿಕೊಳ್ಳಲೇ ಎಂದು ನನ್ನನ್ನು ಕೇಳಿದ.

ಸಾಹೇಬರು ಹೇಳಿದಂತೆ ಮರಳಿ ಬಂದರು. ಈ ಸಲ ಪ್ರಶ್ನೆಗಳೆಲ್ಲ ಗುಂಡಮ್ಮನಿಗೆ. ಬಣವೆ, ಡಬ್ಬಿ ತೋರಿಸಿದಳು. ಒಲೆಯ ಮೇಲಿನ ತೊಲೆ ಸೀಳಿದ್ದನ್ನೂ ತೋರಿಸಿದಳು, ಅದು ನನಗೇ ಗೊತ್ತಿರಲಿಲ್ಲ. ತೊಲೆ ಸರಿಪಡಿಸಬೇಕೆಂಬ ಷರತ್ತು ಬರೆದು ಸಾಹೇಬರು ಬಿಮಾ ಮಂಜೂರು ಮಾಡಿದರು.

ಕಾಗದದ ಕೊನೆಯಲ್ಲಿ "ವಿವರ ಕೊಟ್ಟವರ ಸಹಿ" ಎಂದಿತ್ತು. ನಾನು ಗಂಭೀರವಾಗಿ ಲೇಖನಿ ಎತ್ತಿಕೊಂಡೆ. ಸಾಹೇಬರು ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದು, ಶಾಯಿಯ ಬಟ್ಟಲನ್ನು ಗುಂಡಮ್ಮನ ಮುಂದೆ ಸರಿಸಿದರು.

"ಮನಿ ನಿಮ್ದೇ ಅದರಿ. ಆದ್ರ ಇಲ್ಲಿ ಖರೇ ಹೇಳಿದವರ ಹೆಬ್ಬೆಟ್ಟು ಬೇಕು."

ಅವಳು ಒತ್ತಿದಳು. ಉರ್ದು ಶಾಲೆಯಲ್ಲಿ ಮಿಡ್ಲ್ ಪಾಸಾದ ನಾನು ಅದರ ಕೆಳಗೆ, ಈ ಹೆಬ್ಬೆಟ್ಟನ್ನು ನಂಬಬಹುದು ಎಂದು ಬರೆದು ಸಾಕ್ಷಿ ಹಾಕಿದೆ.