ತೆರೆದ ಸಾಕೆಟ್ಟೂ ನಮ್ಮ ಭಾವನೂ

ನನ್ನ ಭಾವನ ಆಯುಷ್ಯದಲ್ಲಿ ಅರ್ಧ ಬೇರೆಯವರ ಸರದಿಯಲ್ಲಿ ನಿಂತು ಖರ್ಚಾಗಿದೆ. ಉಳಿದರ್ಧ, ಆ ಬೇರೆಯವರು ಬಂದು ಮುಟ್ಟುವುದನ್ನು ಕಾಯುವುದರಲ್ಲಿ ಖರ್ಚಾಗಿದೆ! ಇಂಥವನಿಗೆ ಅಕ್ಕನನ್ನು ಯಾಕೆ ಕೊಟ್ಟಿರಿ ಎಂದು ಕೇಳಬೇಡಿ. ಹೆಣ್ಣು ನೋಡಲು ಬರಬೇಕಾಗಿದ್ದವನು ಅವನಲ್ಲವಂತೆ. ಕೆಲಸದಿಂದ ತಡವಾಗಿ ಬರಲಿದ್ದ ಗೆಳೆಯನ ಪರವಾಗಿ ಮುಂಚೆಯೇ ಬಂದು, ಅಪ್ಪನ ಹತ್ತಿರ ಮಾತು ಶುರುಮಾಡಿಕೊಂಡು ಕೂತಿದ್ದನಂತೆ. ಗೆಳೆಯ ಬರಲೇ ಇಲ್ಲ! ಅಕ್ಕ ಈ ಕತೆ ಸುಳ್ಳು ಅನ್ನುತ್ತಾಳೆ. ಭಾವ ಇನ್ನೊಂದು ಲೋಟ ಚಹಾ ಕೇಳುತ್ತಾನೆ.

ಕಾರವಾರದ ಅವರ ಓಣಿಯಲ್ಲಿ ಯಾರಿಗೆ ಮುಂಬಯಿಗೆ ಹೋಗಲಿಕ್ಕಿದ್ದರೂ ಸ್ಟೇಷನ್ನಿನ ರಿಸರ್ವೇಶನ್ ಸಾಲಿನಲ್ಲಿ ನಿಲ್ಲುವವನು ಭಾವ. ಹೋಗುವವರು ಮನೆಯಲ್ಲಿ ಗಂಜಿ ಉಂಡು ಆರಾಮಾಗಿ ಬರಬಹುದು. ಅಷ್ಟರಲ್ಲಿ ಇವನು ಕಿಟಕಿ ಮುಟ್ಟಿ, ಗುಮಾಸ್ತರೊಡನೆ ಬಂಗಡೆ ಮೀನಿನ ರೇಟು ಮಾತಾಡುತ್ತ ಕಿಟಕಿಯನ್ನು ಹಿಡಿದಿಟ್ಟಿರುತ್ತಾನೆ. ಬಂದವರು ಅವನ ಜಾಗದಲ್ಲಿ ನಿಂತು ಮಾತು ಮುಂದುವರಿಸಿದರೆ ಆಯಿತು.

ಒಮ್ಮೆ ಪಕ್ಕದ ಮನೆಯ ಶೆಣೈಬಾಯಿಗೆ ಹೀಗೇ ನಿಂತ. ಆಕೆ ಮಹಾ ನ್ಯಾಯದ ಹೆಂಗಸು. ಬಂದವಳೇ ನೆಟ್ಟಗೆ ಸಾಲಿನ ಬಾಲಕ್ಕೆ ಹೋಗಿ ನಿಂತಳು. ಭಾವ ಮುಂದಿನಿಂದ ಕೈಬೀಸಿ ಕರೆದ. ನಾನು ಬಂದದ್ದೇ ಈಗ, ಹಿಂದೆಯೇ ನಿಲ್ಲುತ್ತೇನೆ, ಬೇರೆಯವರ ಶಾಪ ನನಗೆ ಬೇಡ ಎಂದಳು. ಇವನು ಕಿಟಕಿ ಬಿಡಲೊಲ್ಲ, ಆಕೆ ಬಾಲ ಬಿಡಲೊಲ್ಲಳು. ನಡುವಿನ ಮೂವತ್ತು ಜನ ಇಬ್ಬರಿಗೂ ಬೈದರು. ತನ್ನ ಜಾಗ ಮುಂದೆ ತನಗಾಗಿ ಕಾಯುತ್ತಿರುವಾಗ ಅದೇ ಜಾಗಕ್ಕಾಗಿ ಹಿಂದೆ ನಿಂತು ಕಾದವಳು ಇಡೀ ಕೊಂಕಣ ರೈಲ್ವೆಯಲ್ಲಿ ಆಕೆಯೊಬ್ಬಳೇ ಇರಬೇಕು ಎಂದುಕೊಂಡಿದ್ದೆ. ಅಲ್ಲ. ಎರಡನೆಯವನು ನಾನು. ಅದನ್ನೇ ಹೇಳಹೊರಟಿದ್ದೇನೆ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳದವರಿಗೂ ಹೇಳುತ್ತೇನೆ. ಅಪ್ಪ ಬೆಳಂಬಾರದಲ್ಲಿ ರಂಪಣಿ ಬಲೆ ಎಳೆಯುವವನು, ಆಯಿ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು. ಎರಡು ವಿಷಯ ಎರಡೆರಡು ಸಲ ಕಟ್ಟಿ ಪಾಸು ಮಾಡಿದ ಡಿಗ್ರಿ ಅದು, ಸುಮ್ಮನೆ ಬಂದದ್ದಲ್ಲ! ಭಾವ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದ ಕಾರವಾರದ ಕಾಲೇಜಿನಲ್ಲೇ ನನಗೆ ಆರು ತಿಂಗಳ ತಾತ್ಕಾಲಿಕ ಕೆಲಸ ಸಿಕ್ಕಿತು. ಆರು ತಿಂಗಳಾದ ಮೇಲೆ ಲ್ಯಾಬಿಗೆ ಒಂದು ಕಾಯಂ ಹುದ್ದೆ ತುಂಬುವವರಿದ್ದರು. ಅದು ಸಿಕ್ಕರೆ ಆಯಿಯ ತಲೆಯ ಮೇಲಿನ ಬುಟ್ಟಿ ಇಳಿಯುತ್ತಿತ್ತು. ಭಾವನಿಂದ ಕೆಲಸ ಸಿಕ್ಕಿತು ಎಂದು ಯಾರೂ ಅನ್ನಬಾರದೆಂದು ನಾನು ಲ್ಯಾಬಿನಲ್ಲಿ ಅವನನ್ನು ‘ಸರ್’ ಎನ್ನುತ್ತಿದ್ದೆ. ಅವನು ಹಿಂದೆ ತಿರುಗಿ, ಯಾರಾದರೂ ಸರ್ ಬಂದರೋ ಎಂದು ನೋಡುತ್ತಿದ್ದ.

ಬಾಕಿ ಕಂಪ್ಯೂಟರುಗಳಿಗೆಲ್ಲ ಬೇಕಾದ್ದು ಕೊಡುವ ಲ್ಯಾಬಿನ ಸರ್ವರ್ ಕಂಪ್ಯೂಟರು ಬಡವ. ಅದರ ಮೆಮೊರಿ ಎಷ್ಟು ಕಡಿಮೆಯೆಂದರೆ ನಾಲ್ಕು ಪ್ರೋಗ್ರಾಮು ಒಟ್ಟಿಗೆ ಎದ್ದು ಕೂತರೆ ಐದನೆಯದಕ್ಕೆ ಉಸಿರುಗಟ್ಟುತ್ತಿತ್ತು. ಮೇಲ್ ಕೊಡುವುದು, ಫೈಲ್ ಕೊಡುವುದು, ಹೀಗೆ ಒಂದೊಂದು ಸೇವೆಗೂ ಸರ್ವರಿನಲ್ಲಿ ಒಂದೊಂದು ನಂಬರಿನ ಬಾಗಿಲು ಇರುತ್ತದೆ. ಪ್ರತಿಯೊಂದೂ ತನ್ನ ಬಾಗಿಲಲ್ಲಿ ದಿನವಿಡೀ ಕೂತರೆ, ಗಿರಾಕಿ ಬರಲಿ ಬಿಡಲಿ, ಮೆಮೊರಿ ತಿನ್ನುತ್ತಲೇ ಇರುತ್ತದೆ. ಇದಕ್ಕೆಂದೇ ಇನೆಟ್‌ಡಿ ಎಂಬ ಮೇಸ್ತ್ರಿ ಪ್ರೋಗ್ರಾಮು ಇದೆ. ಎಲ್ಲ ಬಾಗಿಲುಗಳನ್ನೂ ಅದೊಂದೇ ಕಾಯುತ್ತದೆ. ಯಾರಾದರೂ ಬಂದರೆ ಬಾಗಿಲು ತೆಗೆದು, ಸಂಬಂಧಪಟ್ಟ ಸೇವೆಯನ್ನು ಎಬ್ಬಿಸಿ, ತೆರೆದ ಸಂಪರ್ಕವನ್ನು ಅದರ ಕೈಗಿತ್ತು, ತಾನು ಮತ್ತೆ ಬಾಗಿಲಿಗೆ ಹೋಗುತ್ತದೆ. ಹೀಗೆ ಕೈಗಿಡುವ ಆ ತೆರೆದ ತುದಿಗೇ ಸಾಕೆಟ್ ಎನ್ನುತ್ತಾರೆ. ಸೇವೆ ತನ್ನ ಕೆಲಸ ಮುಗಿಸಿ ಮೆಮೊರಿಯಿಂದಲೇ ಮಾಯ.

ಇದನ್ನು ಬರೆದವನು ಎಲ್ಲೋ ನಮ್ಮ ಭಾವನನ್ನು ನೋಡಿರಬೇಕು ಎಂದು ನನಗೆ ಅನುಮಾನ! ಭಾವನಿಗಂತೂ ಅದರ ಮೇಲೆ ಎಂಥ ಮಮತೆ! ಹೊಸ ಮಕ್ಕಳು ಲ್ಯಾಬಿಗೆ ಬಂದರೆ ಕೀಬೋರ್ಡಿಗಿಂತ ಮೊದಲು ಇನೆಟ್‌ಡಿಯ ಗುಣಗಾನ. ಊಟದ ಡಬ್ಬಿ ತೆರೆದರೂ ಅದೇ. “ಹತ್ತು ಜನ ಹತ್ತು ಬಾಗ್ಲಲ್ಲಿ ಕೂತು ಕಾಯೂದೆಂತಕ್ಕೆ? ಒಬ್ಬ ಕಾದ್ರೆ ಸಾಕು,” ಎಂದು ಚಪಾತಿ ಮುರಿಯುತ್ತಿದ್ದ.

ಸಂದರ್ಶನದ ದಿನ ಕಮಿಟಿಗೆ ತೋರಿಸಲು ನಾನೊಂದು ಪ್ರೋಗ್ರಾಮು ಬರೆದೆ. ಯಾವ ಕಂಪ್ಯೂಟರಿನಿಂದಾದರೂ ವಿದ್ಯಾರ್ಥಿಯ ನಂಬರು ಕೊಟ್ಟರೆ ಅವನ ಅಂಕಗಳು ಬರಬೇಕು. ಭಾವ ಅದಕ್ಕೊಂದು ಬಾಗಿಲು ಗೊತ್ತುಮಾಡಿ ಇನೆಟ್‌ಡಿಯ ಪಟ್ಟಿಯಲ್ಲಿ ಸೇರಿಸಿದ. ಓಡಿಸಿದರೆ ಅಂಕಗಳ ಬದಲು, ಈ ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬರ್ಥದ ಇಂಗ್ಲಿಷ್ ಸಾಲೊಂದು ಬಂತು. ಮತ್ತೆ ಓಡಿಸಿದೆ. ಮತ್ತೆ ಅದೇ ಸಾಲು. ಮೂರು ದಿನ ಗುದ್ದಾಡಿದೆ. ಭಾವನನ್ನು ಕೇಳಲಿಲ್ಲ. ಡಿಗ್ರಿ ಇದ್ದದ್ದು ನನಗಲ್ಲವೇ?

ನಾಲ್ಕನೆಯ ದಿನ ಅವನೇ ಬಂದು ಹೆಗಲ ಹಿಂದೆ ನಿಂತು ಓದಿದ.

“ತಮಾ, ಬಾಗ್ಲು ತೆಗೂಕೆ ಇಷ್ಟೆಲ್ಲಾ ಬರ್ದಿದ್ಯಲ್ಲ, ಎಂತಕ್ಕೆ?”

“ಬಾಗಿಲು ತೆಗೀದೇ ಒಳಗೆ ಹೆಂಗೆ ಬರ್ತಾರೆ, ಸರ್?”

“ಬಾಗ್ಲು ಆ ಇನೆಟ್‌ಡಿ ಆಗ್ಲೇ ತೆಗ್ದಾನೆ. ಬಂದವ್ರ ಕೈ ತಂದು ನಿನ್ನ ಕೈಯಲ್ಲಿ ಇಟ್ಟಾನೆ. ನೀ ಅದನ್ನ ಬಿಟ್ಟು ಮತ್ತೆ ಅದೇ ಬಾಗ್ಲು ತೆಗೂಕೆ ಹೋಗ್ತೆ. ಶೆಣೈಬಾಯಿ ಆದ್ಯಲ್ಲ ಮಾರಾಯಾ.”

ಹೇಳಿ ಕುಳಿತು ಅಳಿಸತೊಡಗಿದ. ಒಂದಕ್ಷರ ಹೊಸದಾಗಿ ಬರೆಯಲಿಲ್ಲ, ಬರೀ ಅಳಿಸಿದ! ನಾನು ಬೆವರು ಸುರಿಸಿ ಬರೆದ ನಲವತ್ತು ಸಾಲುಗಳಲ್ಲಿ ಒಂಬತ್ತು ಉಳಿದವು. ಕೀಬೋರ್ಡಿನಿಂದ ಓದಿ ಪರದೆಗೆ ಬರೆಯುವಂಥ, ಮೊದಲ ವರ್ಷದ ಮಕ್ಕಳೂ ಬರೆಯುವ ಒಂಬತ್ತು ಸಾಲು. ಕೀಬೋರ್ಡು ಮತ್ತು ಪರದೆಯ ಜಾಗದಲ್ಲಿ ಇನೆಟ್‌ಡಿ ಆ ಸಾಕೆಟ್ಟನ್ನು ತಂದು ಜೋಡಿಸಿರುತ್ತದೆ, ಅಷ್ಟೇ. ಓಡಿಸಿದೆ. ಅಂಕಗಳು ಬಂದವು. ಮೂವತ್ತೊಂದು ಸಾಲು ಕಳೆದುಕೊಂಡ ದುಃಖಕ್ಕೆ ನಾನು ಅವತ್ತು ಚಹಾ ಕುಡಿಯಲಿಲ್ಲ.

ಸಂದರ್ಶನದ ದಿನ ಬೆಳಿಗ್ಗೆ ಬೆಳಂಬಾರದಿಂದ ಬೇಗ ಹೊರಟೆ. ನಮ್ಮ ಬಸ್ಸು ಹಟ್ಟಿಕೇರಿ ದಾಟಿತು, ಅಮದಳ್ಳಿ ಬರುತ್ತಲೇ ಒಮ್ಮೆ ಕೆಮ್ಮಿ ನಿಂತಿತು. ಡ್ರೈವರು ಕೆಳಗಿಳಿದು ಅದರ ಮುಖ ನೋಡಿದ. ಅದು ಅವನ ಮುಖ ನೋಡಿತು. ಹಿಂದಿನ ಬಸ್ಸುಗಳೆಲ್ಲ ತುಂಬಿಕೊಂಡು ಬಂದು ನಿಲ್ಲದೆ ಹೋದವು. ಹನ್ನೊಂದಕ್ಕೆ ಮೊದಲ ಹೆಸರೇ ನನ್ನದು. ಕರೆದಾಗ ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತೇವೆಂದು ಪತ್ರದಲ್ಲೇ ಬರೆದಿದ್ದರು. ಅಂಗಡಿಯ ಕಾಯಿನ್ ಫೋನಿನಿಂದ ಲ್ಯಾಬಿಗೆ ಮಾಡಿದೆ. ಬಸ್ಸು ಕೆಟ್ಟಿದೆ ಸರ್ ಎಂದು ಶುರುಮಾಡಿದವನು ಕೊನೆಗೆ, ಭಾವ, ಹೋಯ್ತು ಎಂದೆ.

“ಎಂತಾ ಹೋಗೂದಿಲ್ಲ. ನೀ ಬಾ,” ಎಂದು ಫೋನಿಟ್ಟ.

ಒಂದು ಮೀನಿನ ಟೆಂಪೋದ ಹಿಂದೆ, ಐಸಿನ ಪೆಟ್ಟಿಗೆಯ ಮೇಲೆ ಕೂತು ಕಾಲೇಜು ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಇಸ್ತ್ರಿಯ ಅಂಗಿಗೆ ಬಂಗಡೆಯ ವಾಸನೆ. ಪ್ರಿನ್ಸಿಪಾಲರ ಕೋಣೆಯ ಹೊರಗೆ ಉಳಿದ ಐವರು ಗೋಡೆ ನೋಡುತ್ತ ಕೂತಿದ್ದರು. ಒಳಗೆ ಕಮಿಟಿಯೆದುರಿನ ಕುರ್ಚಿಯಲ್ಲಿ ನಮ್ಮ ಭಾವ! ನನ್ನ ಹೆಸರು ಕರೆದಾಗ, ಅವನು ಬರುತ್ತಿದ್ದಾನೆ, ಅಲ್ಲಿಯವರೆಗೆ ನಾನು ಹೇಳುತ್ತೇನೆ ಎಂದು ತಾನೇ ಹೋಗಿ ಕೂತಿದ್ದನಂತೆ. ಎರಡೂ ಕೈ ಆಡಿಸುತ್ತ ಅಧ್ಯಕ್ಷರಿಗೆ ಇನೆಟ್‌ಡಿ ತಿಳಿಸುತ್ತಿದ್ದ. ಮುಕ್ಕಾಲು ಗಂಟೆಯಿಂದ ತಿಳಿಸುತ್ತಿದ್ದ. ಅಧ್ಯಕ್ಷರ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು.

ನನ್ನನ್ನು ಕಂಡದ್ದೇ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು, “ಇನ್ನು ಮುಂದಿಂದು ಇಂವ ಹೇಳ್ತಾನೆ,” ಎಂದು ಹೊರಗೆ ನಡೆದ. ನಾನು ಕೂತು, ನನ್ನ ಹೆಸರು, ಊರು ಎಂದು ಮೊದಲಿನಿಂದ ಶುರುಮಾಡಹೊರಟೆ. ಅಧ್ಯಕ್ಷರು ಕೈಯೆತ್ತಿ ತಡೆದರು. ಅದೆಲ್ಲ ಆಗಿದೆ, ನಿಮ್ಮ ತಾಯಿ ಯಾವ ಪೇಟೆಯಲ್ಲಿ ಕೂರುತ್ತಾರೆಂಬುದೂ ಗೊತ್ತಾಗಿದೆ, ಈಗ ಎದ್ದುಹೋದವರು ಬಿಟ್ಟಲ್ಲಿಂದ ಹೇಳಿ ಎಂದರು. ಹೇಳಿದೆ. ಅಂಕಗಳನ್ನು ತರಿಸಿ ತೋರಿಸಿದೆ. ಸಂಜೆ ಪಟ್ಟಿ ಹಚ್ಚಿದರು. ನನ್ನ ಹೆಸರಿತ್ತು.

ಪಟ್ಟಿ ಹಚ್ಚಿದ ಗುಮಾಸ್ತರೇ ನನಗೆ ಆ ಮಾತು ಹೇಳಿದ್ದು. ಲ್ಯಾಬಿನ ಈ ಹುದ್ದೆಗೆ ಹಿಂದೆ ಮೂರು ಸಲ ಸಂದರ್ಶನ ನಡೆದಿತ್ತಂತೆ, ಮೂರು ಸಲವೂ ಭಾವ ಅರ್ಜಿ ಹಾಕಿದ್ದನಂತೆ. ಪ್ರತಿ ಸಲ ಡಿಗ್ರಿ ಇಲ್ಲವೆಂದು ಎರಡೇ ನಿಮಿಷದಲ್ಲಿ ಎಬ್ಬಿಸಿ ಕಳಿಸಿದ್ದರಂತೆ. ಹನ್ನೊಂದು ವರ್ಷ ಲ್ಯಾಬು ನಡೆಸಿದವನು ಇಂದಿಗೂ ತಾತ್ಕಾಲಿಕ. ಇದು ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ.

ಲ್ಯಾಬಿಗೆ ಹೋದೆ. ಮೇಜಿನ ಕೆಳಗೆ ಮೊಣಕಾಲೂರಿ ವಯರುಗಳ ಧೂಳು ಒರೆಸುತ್ತಿದ್ದ. ಸಿಕ್ಕಿತು ಭಾವ ಎಂದೆ. ಹೂಂ ಎಂದ. ನೀ ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. ಅವನು ಧೂಳಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡ.

“ಮೂರು ಸಲ ಆ ಕುರ್ಚಿಯಿಂದ ಏಳು ಅಂದ್ರು, ತಮಾ. ಇವತ್ತು ಯಾರೂ ಅನ್ಲಿಲ್ಲ. ನಾನೇ ಎದ್ದೆ.”