ಬಂಡೆಮುಷ್ಟಿಯ ಮೂಗು

ಅಂದಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಮೂಗು. ಅದೂ ಉಸಿರಾಡುವ ಮೂಗಲ್ಲ. ಕಾಮಿಕ್ಸ್ ಪುಸ್ತಕವೊಂದರ ಇಪ್ಪತ್ತೈದನೆಯ ಪುಟದಲ್ಲಿ, ಎಡಗಡೆಯ ಮೇಲಿನ ಚೌಕದಲ್ಲಿ, ಕಪ್ಪು ಶಾಯಿಯಲ್ಲಿ ಬರೆದ ಬಂಡೆಮುಷ್ಟಿ ಎಂಬ ಮಹಾಶೂರನ ಮೂಗು. ಸೋಮವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಗುಳ್ಳೆ ಅದರ ತುದಿಯ ಮೇಲೆ ಒಂದು ಮಾತು ಅಂಟಿಸಿಬಿಟ್ಟ.

ಗುಳ್ಳೆ ಎಂದರೆ ಆ ಕಾಮಿಕ್ಸ್ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಪಾತ್ರಗಳ ಬಾಯಿಗೆ ಮಾತು ಕೂರಿಸುತ್ತಿದ್ದವನು. ಸಂಪಾದಕರು ಗೀಚಿ ಕೊಟ್ಟ ಸಂಭಾಷಣೆಯನ್ನು ಬಿಳಿ ಕಾಗದದ ಮೇಲೆ ಮುತ್ತು ಪೋಣಿಸಿದಂತೆ ಬರೆಯುವುದು, ಸುತ್ತ ಗೆರೆ ಎಳೆದು ಗುಳ್ಳೆಯಾಕಾರಕ್ಕೆ ಕತ್ತರಿಸುವುದು, ಬೆನ್ನಿಗೆ ಗೋಂದು ಹಚ್ಚಿ ಚಿತ್ರದ ಮೇಲೆ ಅಂಟಿಸುವುದು, ಇಷ್ಟು ಅವನ ಕೆಲಸ. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದು ಅವನಿಗಿತ್ತು. ಅದು ಹಾಜರಿ ಪುಸ್ತಕದಲ್ಲಿ ದಿನಕ್ಕೊಮ್ಮೆ ಮುಖ ತೋರಿಸಿ ಮರೆಯಾಗುತ್ತಿತ್ತು.

ಆ ಹೆಸರು ಒಮ್ಮೆಯಾದರೂ ಪುಸ್ತಕದಲ್ಲಿ ಅಚ್ಚಾಗಬೇಕು ಎಂಬುದೇ ಅವನ ಜೀವಮಾನದ ಆಸೆ. ಪ್ರತಿ ಸಂಚಿಕೆಯ ಮೊದಲ ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕ. ಕಥೆ ಯಾರದ್ದು, ಚಿತ್ರ ಯಾರದ್ದು, ಬಣ್ಣ ಯಾರದ್ದು ಎಂದು ಅದರಲ್ಲಿ ಬರೆಯುತ್ತಿದ್ದವನೂ ಗುಳ್ಳೆಯೇ. ಅವನ ಮಾವ ಪ್ರತಿ ಸಂಚಿಕೆಯನ್ನೂ ಭೂತಗನ್ನಡಿ ಹಿಡಿದು ನೋಡಿ, "ಕಥೆ ನಿಂದಲ್ಲ, ಚಿತ್ರ ನಿಂದಲ್ಲ, ಬಣ್ಣಾನೂ ನಿಂದಲ್ಲ. ಮತ್ತೆ ಬೆಳಗಾದ್ರೆ ಅಲ್ಲಿಗೆ ಹೋಗಿ ಏನಪ್ಪಾ ಮಾಡ್ತೀಯ?" ಎಂದು ಮಗಳ ಮುಂದೆಯೇ ಕೇಳುತ್ತಿದ್ದರು. ಹೋದ ವಾರ ಸಂಪಾದಕರು ಅದ್ಯಾವ ಗುಂಗಿನಲ್ಲಿದ್ದರೋ, "ಸೋಮವಾರ ಐದು ಗಂಟೆಗೆ ಸರಿಯಾಗಿ ಸಂಚಿಕೆ ಪ್ರೆಸ್ಸಿಗೆ ಹೋದ್ರೆ ನಿನ್ನ ಹೆಸರೂ ಹಾಕೋಣ ಬಿಡು" ಎಂದುಬಿಟ್ಟರು. ಗುಳ್ಳೆ ಸೋಮವಾರ ಬೆಳಿಗ್ಗೆ ಬಂದವನೇ ಮೊದಲು ಮಾಡಿದ ಕೆಲಸ, ಚೌಕದ ನಾಲ್ಕನೆಯ ಸಾಲಿನಲ್ಲಿ ತನ್ನ ಹೆಸರು ಬರೆದದ್ದು.

ಸಂಚಿಕೆಯ ಕಥೆ ಹೀಗಿತ್ತು. ಊರು ಕಾಯುವ ಐವರು ಶೂರರ ತಂಡ, ಹೆಸರು ಪಂಚಸಿಡಿಲು. ಒಂದು ದಿನ ಆಕಾಶ ಬಿರುಕು ಬಿಟ್ಟು, ಇನ್ನೊಂದು ಲೋಕದಿಂದ ಇನ್ನೊಂದು ಪಂಚಸಿಡಿಲು ಇಳಿದುಬರುತ್ತದೆ. ಅದೇ ಮುಖ, ಅದೇ ಬಟ್ಟೆ, ಅದೇ ಶಕ್ತಿ. ಬುದ್ಧಿ ಮಾತ್ರ ತಿರುವುಮುರುವು. ಇಲ್ಲಿಯವರು ಊರು ಕಾಯುತ್ತಾರೆ, ಅಲ್ಲಿಯವರು ಊರು ಸುಡುತ್ತಾರೆ. ಕೊನೆಯ ಎಂಟು ಪುಟ ಇಬ್ಬರಿಗೂ ಜಟಾಪಟಿ. ಒಂದು ತಂಡ ಬರೆದು ಇನ್ನೊಂದನ್ನು ನಕಲು ತೆಗೆದರೆ ಮುಗಿಯುತ್ತಿದ್ದ ಕೆಲಸ. ಆದರೆ ಸಂಪಾದಕರ ತಲೆಯಲ್ಲಿ ಒಂದು ಮಹಾ ಉಪಾಯ ಹೊಳೆದುಬಿಟ್ಟಿತು.

ಕಚೇರಿಯ ಇಬ್ಬರು ಚಿತ್ರಗಾರರು ಸಂಬಂಧದಲ್ಲಿ ಭಾವ, ಭಾಮೈದ. ಹಿರಿಯವನು ಕಿರಿಯವನ ಅಕ್ಕನ ಗಂಡ. ಎರವಲು ಹೋದ ಕುಂಚವೊಂದು ಕೂದಲುದುರಿಸಿಕೊಂಡು ವಾಪಸು ಬಂದ ಕಾರಣಕ್ಕೆ ಮೂರು ತಿಂಗಳಿಂದ ಇಬ್ಬರೂ ಮಾತು ಬಿಟ್ಟು, ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. "ಈ ಲೋಕ ಭಾವ ಬರೀಲಿ, ಆ ಲೋಕ ಭಾಮೈದ ಬರೀಲಿ. ದ್ವೇಷ ಪುಟದ ಮೇಲೆ ತಾನಾಗೇ ಇಳಿಯುತ್ತೆ" ಎಂದು ಸಂಪಾದಕರು ಕೆಲಸ ಹಂಚಿದ್ದರು. ಹಂಚಿದ ಆಯಾಸ ಇನ್ನೂ ಹೋಗಿರಲಿಲ್ಲವೇನೋ, ಅಂದು ಬೆಳಿಗ್ಗೆ "ಮುಂದಿನ ಸಂಚಿಕೆ ಯೋಚನೆ ಮಾಡ್ತೀನಿ, ಯಾರೂ ಬಾಗಿಲು ಬಡೀಬೇಡಿ" ಎಂದು ತಮ್ಮ ಕೋಣೆ ಸೇರಿಕೊಂಡರು. ಅವರ ಯೋಚನೆ ಗೊರಕೆಯಾಗಿ ಹೊರಗಿನವರಿಗೂ ಕೇಳಿಸುತ್ತಿತ್ತು.

ಮೂಗನ್ನು ಮೊದಲು ಕಂಡವರು ಬಣ್ಣದಕ್ಕ. ಚಿತ್ರಗಳಿಗೆ ಬಣ್ಣ ತುಂಬುವುದು ಅವರ ಉದ್ಯೋಗ, ಮಿಕ್ಕವರ ನಡುವೆ ಬೆಂಕಿ ಹಚ್ಚುವುದು ಹವ್ಯಾಸ.

"ಅಯ್ಯೋ ಪಾಪ, ಭಾವನೋರ ಬಂಡೆಮುಷ್ಟಿಗೆ ಮೂಗೇ ಇಲ್ವಲ್ಲ!" ಎಂದರು ಅಕ್ಕ, ಯಾರಿಗೂ ಹೇಳದವರ ಹಾಗೆ, ಎಲ್ಲರಿಗೂ ಕೇಳುವ ಹಾಗೆ.

ಭಾವ ಎದ್ದು ಬಂದ. "ಏನಯ್ಯಾ ಗುಳ್ಳೆ, ನನ್ನ ಬಂಡೆಮುಷ್ಟಿ ಮೂಗೆಲ್ಲಿ?"

"ಇದೆ ಸಾರ್, ಗುಳ್ಳೆ ಕೆಳಗಡೆ."

"ಆ ಲೋಕದವನ ಮೂಗು ಮಾತ್ರ ಢಾಳಾಗಿ ಕಾಣ್ತಿದೆ? ಯಾರು ಹೇಳಿಕೊಟ್ಟಿದ್ದು ನಿಂಗೆ?"

ಭಾಮೈದ ಕೂತಲ್ಲಿಂದ ತಿರುಗದೆಯೇ ಹೇಳಿದ. "ಗುಳ್ಳೆ, ಅವರಿಗೆ ಹೇಳು. ಮೂಗು ಚೆನ್ನಾಗಿದ್ರೆ ತಾನೇ ತೋರಿಸೋದು."

"ಗುಳ್ಳೆ, ಅವನಿಗೆ ಹೇಳು. ಅವನಿಗೆ ಮೂಗು ಬರೆಯೋದು ಕಲಿಸಿದ್ದೇ ನಾನು ಅಂತ."

ಇಬ್ಬರ ನಡುವೆ ಎರಡು ಮಾರು ಜಾಗವೂ ಇರಲಿಲ್ಲ. ಆದರೂ ಇಬ್ಬರೂ ಕಾದರು. ಗುಳ್ಳೆ ನಿಟ್ಟುಸಿರು ಬಿಟ್ಟು, "ಸಾರ್, ನಿಮಗೆ ಮೂಗು ಬರೆಯೋದು ಕಲಿಸಿದ್ದು ಅವರೇ ಅಂತೆ" ಎಂದು ತಲುಪಿಸಿದ. ಆಗಷ್ಟೇ ಕೇಳಿಸಿತು ಎಂಬಂತೆ ಭಾಮೈದ ಕೆಂಡವಾದ.

ಮೂಗಿನ ಮೇಲಿನ ಗುಳ್ಳೆ ತೆಗೆಯಲು ಹೋದರೆ ಕಾಗದದ ಜೊತೆ ಮೂಗೂ ಕಿತ್ತು ಬರುವ ಲಕ್ಷಣ. ಆ ಕಚೇರಿಯಲ್ಲಿ ಎಲ್ಲವೂ ಸಡಿಲ, ಗೋಂದೊಂದೇ ಗಟ್ಟಿ. "ಹಾಗಾದ್ರೆ ಆ ಲೋಕದವನ ಮೂಗೂ ಮುಚ್ಚು. ನ್ಯಾಯ ಅಂದ್ರೆ ನ್ಯಾಯ" ಎಂದ ಭಾವ.

ಮುಚ್ಚುವುದಕ್ಕೆ ಮಾತು ಬೇಕಲ್ಲ? ಆ ಲೋಕದ ಬಂಡೆಮುಷ್ಟಿಗೆ ಸಂಪಾದಕರು ಕೊಟ್ಟಿದ್ದ ಮಾತು ಒಂದೇ, "ಸಾಯಿ!" ಅಷ್ಟು ಸಣ್ಣ ಮಾತಿನಿಂದ ಅಂಥ ದೊಡ್ಡ ಮೂಗು ಮುಚ್ಚುವುದಿಲ್ಲ. ಗುಳ್ಳೆ ಹನ್ನೊಂದು ವರ್ಷದಲ್ಲಿ ಸ್ವಂತದ್ದೆಂದು ಒಂದು ಪದ ಬರೆದವನಲ್ಲ. ಪೆನ್ನು ಹಿಡಿದು ಬೆವರಿದ. ಕೊನೆಗೆ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದ್ದುದನ್ನೇ ಒಂದಿಷ್ಟು ತಿರುಚಿ ಬರೆದ: "ಸಾಯಿ! ನಿನಗೆ ಮುಷ್ಟಿ ಕಟ್ಟುವುದು ಕಲಿಸಿದ್ದೇ ನಾನು!" ಮೂಗು ಮುಚ್ಚಿತು. ಜೊತೆಗೆ ಒಂದು ಕಣ್ಣೂ ಮುಚ್ಚಿತು.

"ಕಣ್ಣು ಯಾಕೆ ಮುಚ್ಚಿದೆ?" ಎಂದು ಭಾಮೈದ ಗುಡುಗಿದ. "ಅವರ ಕಡೆಯವನಿಗೆ ಕಣ್ಣಿದೆ ತಾನೇ? ಮುಚ್ಚು ಅದನ್ನ!"

ಅಲ್ಲಿಂದ ಮುಂದೆ ಹಿಡಿಯುವವರೇ ಇಲ್ಲ. ಈ ಕಡೆ ಕಣ್ಣು ಹೋದರೆ ಆ ಕಡೆ ಕಿವಿ, ಆ ಕಡೆ ಕಿವಿ ಹೋದರೆ ಈ ಕಡೆ ತೋಳು. "ಈ ಲೋಕಕ್ಕೆ ಏಳು ಗುಳ್ಳೆ, ಆ ಲೋಕಕ್ಕೆ ಆರೇ. ನಂಗ್ಯಾಕಪ್ಪಾ ಬೇರೆಯವರ ವಿಷಯ" ಎಂದು ಬಣ್ಣದಕ್ಕ ಆಗಾಗ ಸಾಕ್ಷಿ ನುಡಿಯುತ್ತಿದ್ದರು. ಒಂದು ಗುಳ್ಳೆ ಹೆಚ್ಚಾದರೆ ಅಷ್ಟು ಜಾಗಕ್ಕೆ ಬಣ್ಣ ಬಳಿಯುವುದು ತಪ್ಪುತ್ತದೆ ಎಂಬುದನ್ನು ಅವರು ಬೆಳಿಗ್ಗೆಯೇ ಕಂಡುಕೊಂಡಿದ್ದರು.

ಮಾತಿಗೇನೂ ಬರವಿರಲಿಲ್ಲ. ಭಾವ, ಭಾಮೈದ ಇಬ್ಬರೂ ಗುಳ್ಳೆಯ ಮೂಲಕ ಹತ್ತು ವರ್ಷದ ಹಳೆಯ ಕಡತವನ್ನೆಲ್ಲ ಬಿಚ್ಚಿದ್ದರು. ಕೊಂಡೊಯ್ದು ತಾರದ ಕೊಡೆ, ಹುಷಾರಿಲ್ಲದಾಗ ನೋಡಲು ಬಾರದ್ದು, ಬಂದಾಗ ಬರಿಗೈಯಲ್ಲಿ ಬಂದದ್ದು. ಗುಳ್ಳೆ ಬಲಗಿವಿಯಲ್ಲಿ ಕೇಳಿದ್ದನ್ನು ಈ ಲೋಕಕ್ಕೂ ಎಡಗಿವಿಯಲ್ಲಿ ಕೇಳಿದ್ದನ್ನು ಆ ಲೋಕಕ್ಕೂ ಹಂಚಿದ. ಆ ಲೋಕದ ಬಂಡೆಮುಷ್ಟಿ ಬೆಟ್ಟವೊಂದನ್ನು ಎತ್ತಿ ಹಿಡಿದು, "ಅಕ್ಕನ ಮುಖ ನೋಡಿ ಸುಮ್ಮನಿದ್ದೇನೆ, ಇಲ್ಲದಿದ್ದರೆ ನಿನ್ನ ಗ್ರಹವನ್ನೇ ಪುಡಿ ಮಾಡುತ್ತಿದ್ದೆ!" ಎಂದ. "ಮೊದಲು ನನ್ನ ಕೊಡೆ ವಾಪಸು ಕೊಡು, ಆಮೇಲೆ ಗ್ರಹದ ಮಾತು!" ಎಂದ ಈ ಲೋಕದ ಬಂಡೆಮುಷ್ಟಿ. ಪಂಚಸಿಡಿಲಿನ ಅತಿ ಹಿರಿಯ ಸದಸ್ಯೆ ಉಕ್ಕಿನಜ್ಜಿ ಇನ್ನೊಂದು ಲೋಕದ ಉಕ್ಕಿನಜ್ಜಿಯ ಜುಟ್ಟು ಹಿಡಿದು, "ಮನೆಗೆ ಬಂದವರಿಗೆ ಒಂದು ಲೋಟ ನೀರು ಕೊಡೋ ಸಂಸ್ಕಾರ ಇಲ್ಲ ನಿಮ್ಮ ಲೋಕಕ್ಕೆ!" ಎಂದಳು. ಇದನ್ನು ಬರೆಯುವಾಗ ಗುಳ್ಳೆಗೆ ತನಗೇ ಗೊತ್ತಾಗದಂತೆ ನಗು ಬಂತು. ಮರುಕ್ಷಣ ಹೆದರಿಕೆಯೂ ಆಯಿತು.

ಮಧ್ಯಾಹ್ನ ಹೆಂಡತಿ ಫೋನು ಮಾಡಿದಳು. "ನಿಮ್ಮ ಹೆಸರು ಬರುತ್ತೆ ಅಂತ ಅಪ್ಪನಿಗೆ ಹೇಳಿಬಿಟ್ಟಿದೀನಿ. ಅವರು ಬೀದಿಗೆಲ್ಲ ಹೇಳಿಬಿಟ್ಟಿದಾರೆ. ಬರುತ್ತೆ ತಾನೇ?"

"ಬರುತ್ತೆ. ಐದು ಗಂಟೆಗೆ ಮುಗಿದ್ರೆ ಬಂದೇ ಬರುತ್ತೆ" ಎಂದ ಗುಳ್ಳೆ. ಆಗ ಅವನ ಮೊಣಕೈಗೆ ಪಂಚಸಿಡಿಲಿನ ಮಿಂಚುರಾಣಿಯ ಮಾತೊಂದು ಅಂಟಿಕೊಂಡಿತ್ತು.

ನಾಲ್ಕೂವರೆಗೆ ಕೊನೆಯ ಪುಟ ಮುಗಿಯಿತು. ಹತ್ತು ಜನ ಶೂರರ ಮಹಾಯುದ್ಧ. ಭಾವ ಭಾಮೈದ ಇಬ್ಬರೂ ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದ ಚಿತ್ರ. ಈಗ ಅದರಲ್ಲಿ ಕಾಣುತ್ತಿದ್ದುದು ಒಂದು ಬೂಟು, ಅರ್ಧ ಚಂದ್ರ. ಉಳಿದದ್ದೆಲ್ಲ ಗುಳ್ಳೆ. ಬೂಟು ಯಾವ ಲೋಕದ್ದು ಎಂದು ಬಣ್ಣದಕ್ಕ ಕೇಳುವಷ್ಟರಲ್ಲಿ ಸಂಪಾದಕರ ಕೋಣೆಯ ಬಾಗಿಲು ತೆರೆಯಿತು.

ಸಂಪಾದಕರು ಕಣ್ಣುಜ್ಜಿಕೊಂಡು ಪುಟ ನೋಡಿದರು. ಮತ್ತೊಮ್ಮೆ ಉಜ್ಜಿಕೊಂಡು ನೋಡಿದರು. "ಇದೇನಿದು, ಒಗೆದ ಬಟ್ಟೆ ಒಣಹಾಕಿದ ಹಾಗಿದೆ? ಶೂರರೆಲ್ಲಿ?"

"ಒಳಗಿದಾರೆ ಸಾರ್" ಎಂದ ಗುಳ್ಳೆ.

ಎಂಟೂ ಪುಟ ಸಾಲಾಗಿ ಮೇಜಿನ ಮೇಲೆ ಹರಡಿದಾಗ, ತಾವು ದಿನವಿಡೀ ಏನು ಮಾಡಿಸಿದೆವು ಎಂಬುದು ಭಾವ ಭಾಮೈದರಿಗೂ ಕಂಡಿತು. ಮೂರು ತಿಂಗಳಲ್ಲಿ ಮೊದಲ ಸಲ ಭಾಮೈದ ನೇರವಾಗಿ ತಿರುಗಿ, "ಭಾವಾ, ಇದಕ್ಕೆ ನಮ್ಮ ಹೆಸರು ಬೇಡ" ಎಂದ.

"ಸರಿಯಾಗಿ ಹೇಳ್ದೆ ಕಣೋ. ನಮಗೂ ಒಂದು ಮರ್ಯಾದೆ ಇದೆ" ಎಂದ ಭಾವ, ಅವನ ಹೆಗಲ ಮೇಲೆ ಕೈಯಿಟ್ಟು. ಸಂಬಂಧ ಕೂಡಿಬಂತು.

"ನಾನು ಬಣ್ಣ ಹಾಕಿದ್ದು ಒಂದು ಬೂಟಿಗೆ. ಬೂಟಿಗೆಲ್ಲ ಹೆಸರು ಹಾಕಿಸಿಕೊಳ್ಳೋ ಜಾತಿ ಅಲ್ಲಪ್ಪ ನಾನು" ಎಂದರು ಅಕ್ಕ.

ಸಂಪಾದಕರು ಗಡಿಯಾರ ನೋಡಿದರು. ಬೇರೆ ಪುಟ ಬರೆಯಲು ಹೊತ್ತಿರಲಿಲ್ಲ. "ಹೋಗಲಿ, ಹೀಗೇ ಹೋಗಲಿ. ನನ್ನ ಹೆಸರೂ ತೆಗಿ. ನಿನಗೆ ಹೆಸರು ಬೇಕಿತ್ತಲ್ಲ ಗುಳ್ಳೆ? ತಗೋ. ಕಥೆ, ಚಿತ್ರ, ಬಣ್ಣ, ಅಕ್ಷರ, ಎಲ್ಲ ನಿನ್ನದೇ. ನಾಳೆ ಜನ ಕಲ್ಲು ತಗೊಂಡು ಬಂದ್ರೆ ಯಾರ ಮನೆಗೆ ಹೋಗಬೇಕು ಅಂತ ಗೊತ್ತಿರಲಿ."

ಗುಳ್ಳೆ ಹಳೆಯ ಸಾಲುಗಳಿಗೆ ಬಿಳಿ ಬಳಿದು, ಇಡೀ ಚೌಕದ ತುಂಬ ತನ್ನ ಹೆಸರೊಂದನ್ನೇ ಬರೆದ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಹೇಳಬಾರದು, ಎದೆಯಲ್ಲಿ ಏನೋ ಕುಣಿಯಿತು. ಅಷ್ಟು ದೊಡ್ಡದಾಗಿ ಆ ಹೆಸರನ್ನು ಅವನು ಮದುವೆಯ ಕರೆಯೋಲೆಯಲ್ಲೂ ನೋಡಿರಲಿಲ್ಲ. ಭೂತಗನ್ನಡಿಯ ಅಗತ್ಯವೇ ಇಲ್ಲ, ಮಾವ ಬೀದಿಯ ಆ ತುದಿಯಿಂದಲೇ ಓದಬಹುದು.

ಅಷ್ಟರಲ್ಲಿ ಪ್ರೆಸ್ಸಿನ ಗಾಡಿಯ ಜೊತೆ ಏಜೆಂಟರು ಬಂದರು. ಊರೂರಿನ ಅಂಗಡಿಗಳಿಗೆ ಪುಸ್ತಕ ಹಂಚುವ ಮನುಷ್ಯ. ಅವರು ಮುಖ ಸಿಂಡರಿಸಿದರೆ ಸಂಚಿಕೆ ಗೋದಾಮಿನಲ್ಲೇ ಕೊಳೆಯುತ್ತಿತ್ತು. ಅವರು ನಿಂತಲ್ಲೇ ಪುಟ ತೆಗೆದು ಓದತೊಡಗಿದರು. ನಾಲ್ವರೂ ಗುಳ್ಳೆಯಿಂದ ಒಂದೊಂದು ಹೆಜ್ಜೆ ದೂರ ಸರಿದು ನಿಂತರು.

ಏಜೆಂಟರ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಹೆಗಲು. ಆಮೇಲೆ ಅವರು ಕುರ್ಚಿ ಹುಡುಕಿ ಕೂತು, ಕಣ್ಣೊರೆಸಿಕೊಂಡು ಬಿಕ್ಕಿ ಬಿಕ್ಕಿ ನಕ್ಕರು. "ಕೊಡೆ! ಗ್ರಹ ಪುಡಿ ಮಾಡೋನ ಹತ್ರ ಕೊಡೆ ಕೇಳ್ತಾನಲ್ರೀ! ಇಪ್ಪತ್ತು ವರ್ಷದಿಂದ 'ಸಾಯಿ' 'ಸಾಯಿ' ಅಂತ ಕೇಳಿ ಕೇಳಿ ನಾನೇ ಸತ್ತು ಹೋಗಿದ್ದೆ. ಇದು ನಮ್ಮನೆ ಕಥೆ ರೀ! ಎರಡರಷ್ಟು ಪ್ರತಿ ಹಾಕಿಸಿ. ಯಾರು ಬರೆದಿದ್ದು?"

ಗುಳ್ಳೆ ಬಾಯಿ ತೆರೆದ. ಹನ್ನೊಂದು ವರ್ಷ ಬೇರೆಯವರ ಬಾಯಿಗೆ ಮಾತು ಕೂರಿಸಿದವನಿಗೆ ತನ್ನ ಬಾಯಿಯ ಮಾತು ಬೇಗ ಬರಲಿಲ್ಲ.

"ನಾನೇ" ಎಂದರು ಸಂಪಾದಕರು. "ಬೆಳಿಗ್ಗೆಯಿಂದ ಬಾಗಿಲು ಹಾಕ್ಕೊಂಡು ಯೋಚನೆ ಮಾಡಿದ್ದು ಇದನ್ನೇ."

"ಮಾತು ನಮ್ಮದೇ ಅಲ್ವಾ ಭಾವಾ?" ಎಂದ ಭಾಮೈದ. "ನಾವು ಆಡಿ ತೋರಿಸಿದ್ವಿ, ಗುಳ್ಳೆ ಅಂಟಿಸಿದ."

"ಬಣ್ಣ ಕಮ್ಮಿ ಇದ್ರೆ ಮಾತು ಎದ್ದು ಕಾಣುತ್ತೆ ಅಂತ ಬೇಕೆಂದೇ ಕೈ ಬಿಗಿ ಹಿಡಿದೆ" ಎಂದರು ಅಕ್ಕ.

"ಗುಳ್ಳೆ, ಆ ಚೌಕ ಸರಿ ಮಾಡು, ಗಾಡಿ ನಿಂತಿದೆ" ಎಂದರು ಸಂಪಾದಕರು.

ಗುಳ್ಳೆ ತನ್ನ ಕೈಯಾರೆ ತನ್ನ ಹೆಸರಿನ ಮೇಲೆ ಬಿಳಿ ಬಳಿದ. ಕಥೆ, ಸಂಭಾಷಣೆ, ಹಾಸ್ಯ ಎಂದು ಸಂಪಾದಕರದ್ದು ಒಂದು ಸಾಲು. ಒಂದೇ ಸಾಲಿನಲ್ಲಿ ಕೂರಲು ಒಪ್ಪದ ಭಾವನಿಗೊಂದು, ಭಾಮೈದನಿಗೊಂದು. ಬಣ್ಣದಕ್ಕನಿಗೊಂದು. ನಾಲ್ಕೂ ಸಾಲು ಮುಗಿದವು.

"ಸಾರ್, ನನ್ನ ಹೆಸರು..." ಎಂದ ಗುಳ್ಳೆ. "ಐದು ಗಂಟೆಗೆ ಮುಗಿಸಿದೀನಿ ಸಾರ್."

"ಅಯ್ಯೋ, ನಾನೆಲ್ಲಿ ಬೇಡ ಅಂದೆ? ನೀನೇ ನೋಡು, ಜಾಗ ಎಲ್ಲಿದೆ?"

"ಇದೆ ಸಾರ್. ಕೆಳಗಡೆ ಒಂದು ಗೆರೆಯಷ್ಟು. ಸಣ್ಣದಾಗಿ ಬರೆದ್ರೆ ಹಿಡಿಸುತ್ತೆ."

ಸಂಪಾದಕರು ಬಗ್ಗಿ ನೋಡಿದರು. "ಹೌದಲ್ಲ! ಒಳ್ಳೇದಾಯ್ತು ನೆನಪಿಸಿದ್ದು. ಬರ್ಕೋ: ಅಕ್ಷರಗಳಲ್ಲಿ ತಪ್ಪುಗಳಿದ್ದರೆ ಮೇಲ್ಕಂಡ ಯಾರೂ ಅದಕ್ಕೆ ಹೊಣೆಯಲ್ಲ."

ಗುಳ್ಳೆ ಬರೆದ. ಇರುವೆ ಸಾಲಿನಷ್ಟು ಸಣ್ಣಗೆ ಬರೆದ, ಒಂದು ಸೊನ್ನೆಯೂ ಸೊಟ್ಟಗಾಗಲಿಲ್ಲ. ಗೋಂದು ಹಚ್ಚಿ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ.

"ಹಾಂ, ಈಗ ಚೌಕ ತುಂಬಿದ ಹಾಗಾಯ್ತು" ಎಂದು ಸಂಪಾದಕರು ಅವನ ಬೆನ್ನು ತಟ್ಟಿದರು.