ನಮ್ಮವರ ಅಂಗೈ ತಕ್ಕಡಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಎರಡು ಗಂಡಿನ ಮೇಲೆ ಹೆಣ್ಣು. ದಾಂಡೇಲಿಯ ಮಿಲ್ಲಿನಲ್ಲಿ ಮಗನಿಗೆ ನೌಕರಿ ಸಿಕ್ಕಿದಾಗಲೂ ನಾನು ಇಷ್ಟು ಹಿಗ್ಗಿರಲಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. ಆದರೆ ಕೂಸಿನ ಅಜ್ಜ, ಅಂದರೆ ನಮ್ಮ ಮನೆಯವರು, ಹತ್ತು ದಿನವಾದರೂ ಅದನ್ನು ಎತ್ತಿಕೊಳ್ಳಲಿಲ್ಲ. ಕಾರಣ, ಅವರ ಬಲಗೈ.

ಇವರಿಗೆ ತಕ್ಕಡಿಯ ಮೇಲೆ ನಂಬಿಕೆಯಿಲ್ಲ. ಬೆಳೆದದ್ದು ಜೋಯಿಡಾ ಕಾಡಿನ ಮ್ಯಾಂಗನೀಸ್ ಗಣಿಯ ಊರಿನಲ್ಲಿ. ಅಲ್ಲಿ ಹೆಂಗಸರು, ಮಕ್ಕಳು, ಅವರೊಳಗೆ ಇವರೂ, ಕುಳಿತು ಒಂದೊಂದೇ ಕಲ್ಲನ್ನು ಅಂಗೈಯಲ್ಲಿ ತೂಗಿ ಆರಿಸುತ್ತಿದ್ದರಂತೆ. ಭಾರವಿದ್ದದ್ದು ಅದಿರು, ಅವರ ಮಾತಿನಲ್ಲಿ ಮಾಲು, ಗಾಡಿಗೆ. ಹಗುರವಿದ್ದದ್ದು ಆಚೆಗೆ. ಊರು ಬಿಟ್ಟು ಎಷ್ಟು ವರ್ಷವಾದರೂ ಆ ಚಟ ಇವರನ್ನು ಬಿಡಬೇಕಲ್ಲ? ಹಳಿಯಾಳದ ಸಂತೆಯಲ್ಲಿ ಬದನೆಕಾಯಿ ತೂಗುತ್ತ ತೂಗುತ್ತ, ಹಗುರವಾದದ್ದನ್ನೆಲ್ಲ ಬೆನ್ನ ಹಿಂದೆ ಎಸೆದುಬಿಟ್ಟರು. ಕಾಯಿಪಲ್ಲೆಯವಳು, "ಯಪ್ಪಾ, ಬದನಿಕಾಯಿ ಒಯ್ಯಾಕ ಬಂದೀಯೋ, ಗ್ವಾಡಿ ಕಟ್ಟಾಕೋ?" ಎಂದಳು. ನನ್ನನ್ನು ನೋಡಲು ಬಂದ ದಿನ ಅವಲಕ್ಕಿಯ ತಾಟನ್ನೂ ತೂಗಿ, "ಸ್ವಲ್ಪ ಹಗುರ ಐತಿ" ಎಂದಿದ್ದರು. ನಮ್ಮಪ್ಪ ಇನ್ನೊಂದು ಹಿಡಿ ಹಾಕಿಸಿದ ಮೇಲೆಯೇ ಮದುವೆ ಗೊತ್ತಾದದ್ದು.

ಗಂಡು ಮೊಮ್ಮಕ್ಕಳಿಬ್ಬರನ್ನೂ ಹುಟ್ಟಿದ ದಿನವೇ ತೂಗಿ "ಪಕ್ಕಾ ಮಾಲು" ಎಂದು ಸಾರಿದವರು, ತಿಂಗಳು ತುಂಬುವ ಮೊದಲೇ ಹುಟ್ಟಿದ ಈ ಕೂಸಿನೆದುರು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಕೇಳಿದರೆ, "ಕೈಯಾಗಿನ ತೂಕ ತಪ್ಪೇತಿ. ಊರಿಗೆ ಹೋಗಿ ಸರಿ ಮಾಡ್ಕೊಂಡು ಬರೂಣು" ಎಂದರು.

ನಿಜವಾದ ಕಾರಣ ನನಗೆ ಗೊತ್ತಿತ್ತು. ನಮ್ಮ ಚೊಚ್ಚಲ ಮಗಳನ್ನು ತೂಗಿ "ಹಗುರ" ಎಂದಿದ್ದರು. ಅವಳು ಒಂಬತ್ತೇ ದಿನ ಇದ್ದಳು.

ಮರುದಿನ ಮುಂಜಾನೆಯ ಬಸ್ಸಿಗೆ ಇಬ್ಬರೂ ಇವರ ಊರಿಗೆ ಹೋದೆವು. ಗಣಿಯ ಕುಳಿಗಳಲ್ಲಿ ನೀರು ನಿಂತು ಎಮ್ಮೆಗಳು ಬಿದ್ದುಕೊಂಡಿದ್ದವು. ಅರ್ಧ ಮನೆಗಳಿಗೆ ಬೀಗ. ಎಷ್ಟು ಹುಡುಕಿದರೂ ಇವರಿಗೆ ತೂಗಲು ಒಂದು ಭಾರದ ಕಲ್ಲು ಸಿಗಲಿಲ್ಲ. ಇವರ ಅವ್ವನ ಜೊತೆ ಕಲ್ಲು ಆರಿಸುತ್ತಿದ್ದ ಮುದುಕಿಯೊಬ್ಬಳು ಇವರ ಹಳೆಯ ಮನೆಯ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು.

"ಏನ್ ಹುಡಕ್ತೀಯೋ ತಮ್ಮಾ?"

"ಮಾಲು, ಚಿಗವ್ವಾ."

"ಮಾಲೆಲ್ಲಾ ಗಾಡಿ ಹತ್ತಿ ಹೋತು. ಹೋದದ್ದು ಒಂದರ ತಿರುಗಿ ಬಂದೈತೇನು?" ಮುದುಕಿ ಕಟ್ಟೆಯನ್ನು ತಟ್ಟಿದಳು. "ಇದು ನಿಮ್ಮವ್ವ ಕಟ್ಟಿದ್ದು. ಎಲ್ಲಾ ನೀ ಒಗದ ಹಗುರ ಕಲ್ಲ."

ಇವರು ಆ ಕಟ್ಟೆಯ ಮೇಲೆ ಬಲ ಅಂಗೈ ಊರಿ, ಬಸ್ಸು ಬರುವವರೆಗೆ ಕುಳಿತರು.

ಸಂಜೆ ಮನೆಗೆ ಬಂದವರೇ ಕಾಲು ತೊಳೆದುಕೊಂಡು, ಸೊಸೆಯ ಮುಂದೆ ಕೈ ಚಾಚಿದರು. ಕೂಸು ಬಲ ಅಂಗೈಗೆ ಬಂತು.

"ಎಷ್ಟೈತ್ರಿ?" ಎಂದೆ.

"ಹಗುರ ಐತಿ."

ಸೊಸೆಯ ಮುಖ ಸಣ್ಣದಾಯಿತು.

"ಗಾಡಿ ಹತ್ತಿ ಹೋಗೂದಲ್ಲ, ಯವ್ವಾ," ಎಂದರು ಅವಳಿಗೆ. "ಮನ್ಯಾಗ ಉಳಿಯೂದು."

ಎಲ್ಲರೂ ಊಟಕ್ಕೆ ಕುಳಿತೆವು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. ಇವರು ಕೂಸನ್ನು ಕೆಳಗಿಡಲೇ ಇಲ್ಲ. ಮಗ-ಸೊಸೆಯ ಮುಂದೆ ನಾಚಿಕೆ ಬಿಟ್ಟು ನಾನೇ ಇವರಿಗೆ ತುತ್ತು ಮಾಡಿ ಉಣಿಸಿದೆ. ರೊಟ್ಟಿ ತೂಗಲು ಇವರ ಕೈ ಖಾಲಿ ಇರಲಿಲ್ಲ.